ಪುಟದ ನೆತ್ತಿಯ ಮೇಲಿನ ಸಾಲು

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಎಲ್ಲ ಸುಖವೂ ಇತ್ತು, ಒಂದು ಕಾಟವೂ ಇತ್ತು.

ಮದ್ದಿನ ಕೋಣೆಯಿಂದ ಯಾರೇ ಒಂದು ಓಲೆಗರಿ ಹಿಡಿದು ಹೊರಗೆ ಬರಲಿ, ಹೊಸ್ತಿಲ ಮೇಲೆ ಕೂತ ಹಾಲಯ್ಯಜ್ಜಾರು ಕೈ ಅಡ್ಡ ಹಿಡಿಯುತ್ತಿದ್ದರು.

"ದಾರಿ ಹೇಳು."

ಹೇಳಲೇಬೇಕು. ಯಾವ ದೊಡ್ಡ ಕಟ್ಟು, ಅದರೊಳಗೆ ಯಾವ ಸಣ್ಣ ಕಟ್ಟು, ಅದರೊಳಗೆ ಯಾವ ಗರಿ. "ಮದ್ದಿನ ಕೋಣಿ, ಮನುಷ್ಯಾರು, ದೊಡ್ಡವರು, ತಲಿ, ಅರೆತಲಿನೋವು" ಅಂತ. ನಡುವೆ ಒಂದು ಬಿಟ್ಟಿರೋ, ಗರಿ ವಾಪಸ್ಸು ಒಳಗೆ, ನೀವೂ ವಾಪಸ್ಸು ಒಳಗೆ. ಬಾಗಿಲಲ್ಲಿ ರೋಗಿ ನರಳುತ್ತಿದ್ದರೂ ಅಷ್ಟೇ.

ಆ ಗರಿಗಳನ್ನು ಬರೆದವರು ಅಜ್ಜಾರ ಅಪ್ಪ, ಆ ಅಪ್ಪನ ಅಪ್ಪ ಮುತ್ಯಾ. ಊರೂರು ತಿರುಗಿ ಬೇರು ನಾರು ಗುರುತು ಮಾಡಿ, ಅರೆದು, ಕುಡಿಸಿ, ವಾಸಿಯಾದ ಮೇಲೆ ಬರೆದದ್ದು. ಅಜ್ಜಾರು ಬರೆದದ್ದೇನೂ ಇಲ್ಲ. ಅರವತ್ತು ವರ್ಷ ಹೊಸ್ತಿಲ ಮೇಲೆ ಕೂತು ದಾರಿ ಕೇಳಿದ್ದೇ ಅವರ ಕೆಲಸ.

ಶಿಷ್ಯ ಅಡಿವೆಪ್ಪನಿಗೆ ಇದು ಸೇರುತ್ತಿರಲಿಲ್ಲ. ಅವನು ಮಠಕ್ಕೆ ಬಂದು ಮೂರು ವರ್ಷ. ಅದಕ್ಕೂ ಮೊದಲು ತಾಲೂಕಿನಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ನಡೆಸಿದವನು. ಬೆರಳು ಚುರುಕು, ತಲೆ ಚುರುಕು, ತಾಳ್ಮೆ ಮಾತ್ರ ಆ ದೇವರಿಗೇ ಪ್ರೀತಿ.

"ಅಜ್ಜಾರ, ಗರಿ ಕೈಯಾಗ ಐತಿ. ಮದ್ದಿನ ಹೆಸರು ಅದರ ಮ್ಯಾಲ ಐತಿ. ದಾರಿ ಕಟಗೊಂಡು ನಮಗೇನ್ರಿ?"

"ಮದ್ದು ಏನಂತ ಗರಿ ಹೇಳತೈತಿ ತಮ್ಮಾ. ಯಾರಿಗೆ ಅಂತ ಹೇಳೂದು ದಾರಿ."

"ನಾ ಎಲ್ಲಿಂದ ತಗೊಂಡೆ ಅಂತ ನನಗ ಗೊತ್ತಿರತೈತಲ್ರಿ?"

"ಈಗ ಗೊತ್ತೈತಿ. ಹೇಳು."

ಅಡಿವೆಪ್ಪ ಹಲ್ಲು ಕಚ್ಚಿ ಹೇಳುತ್ತಿದ್ದ.

ಆ ಮಠಕ್ಕೆ ಬರಬೇಕಾದರೆ ಹರಿಗೋಲಿನಲ್ಲಿ ಹೊಳೆ ದಾಟಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲಿನವನು ಕೈ ಮುಗಿದುಬಿಡುತ್ತಿದ್ದ. ಆಚೆ ದಂಡೆಯಲ್ಲಿ ಜನ ಬಂದು ನಿಲ್ಲುತ್ತಿದ್ದರು, ಕೂಸನ್ನು ಎತ್ತಿ ತೋರಿಸುತ್ತಿದ್ದರು, ಕೂಗುತ್ತಿದ್ದರು. ನೀರಿನ ಸದ್ದಿನಲ್ಲಿ ಒಂದು ಮಾತೂ ಈಚೆಗೆ ಮುಟ್ಟುತ್ತಿರಲಿಲ್ಲ.

ಅದನ್ನು ನೋಡಿ ನೋಡಿ ಅಡಿವೆಪ್ಪ ಒಂದು ದಿನ ತಡೆಯಲಾರದೆ ಹೇಳಿದ.

"ಅಜ್ಜಾರ, ಎಲ್ಲಾ ಗರೀನೂ ವೆಬ್‌ಸೈಟಿಗೆ ಹಾಕಿಬಿಡತೀನ್ರಿ. ಫೋನಿನ್ಯಾಗ ಹುಡುಕಿದ್ರ ಸಿಗತಾವು. ಯಾರೂ ಹೊಳಿ ದಾಟೂದ ಬ್ಯಾಡ."

ಅಜ್ಜಾರಿಗೆ ಆಗಲೇ ಕಣ್ಣು ಮಂಜು. ಶಿಷ್ಯನ ಮುಖ ಕಾಣದಿದ್ದರೂ ದನಿ ಕೇಳಿತು. ಆ ದನಿಯಲ್ಲಿ ಕಳಕಳಿ ಇತ್ತು.

"ಹಾಕು" ಅಂದರು.

ಎಂಟು ತಿಂಗಳು ಕೂತ ಮಾರಾಯ. ಕಟ್ಟುಗಳ ದಾರ ಬಿಚ್ಚಿದ, ಒಂದೊಂದೇ ಗರಿ ತೆಗೆದ, ಓದಿದ, ಟೈಪ್ ಮಾಡಿದ. ಒಂದು ಗರಿಗೆ ಒಂದು ಪುಟ. ಆರುನೂರ ಹನ್ನೊಂದು ಗರಿ, ಆರುನೂರ ಹನ್ನೊಂದು ಪುಟ. ಟೈಪ್ ಆದ ಗರಿಯನ್ನು ದಾರಕ್ಕೆ ಪೋಣಿಸದೆ ದೊಡ್ಡ ಬುಟ್ಟಿಗೆ ಹಾಕುತ್ತ ಹೋದ.

"ಕಟ್ಟು ಕಟ್ಟಲಿಲ್ಲೇನು?" ಅಜ್ಜಾರು ಕೇಳಿದರು.

"ಇನ್ನ ಯಾಕ್ರಿ ಅಜ್ಜಾರ? ಎಲ್ಲಾ ಇದರಾಗ ಬಂತಲ್ಲ" ಅಂತ ಫೋನು ತೋರಿಸಿದ. ಕಣ್ಣು ಕಾಣದವರಿಗೆ ಫೋನು ತೋರಿಸುವಷ್ಟು ಹುರುಪು ಅವನಿಗೆ.

ಕೆಲಸ ಮುಗಿದ ದಿನ ಅಜ್ಜಾರ ಪಕ್ಕದಲ್ಲಿ ಕೂತು ಒಂದು ಪುಟ ಓದಿ ಹೇಳಿದ. ಮೇಲೆ ಮದ್ದಿನ ಹೆಸರು, ಕೆಳಗೆ ಮಾಡುವ ಬಗೆ, ಅದರ ಕೆಳಗೆ ಮಠದ ಹೆಸರು, ಫೋನ್ ನಂಬರು.

"ಚಂದ ಐತಿ. ಇದರ ನೆತ್ತಿ ಮ್ಯಾಲ ದಾರಿ ಎಲ್ಲೈತಿ?"

"ದಾರಿ ಬ್ಯಾಡ್ರಿ ಇದಕ್ಕ. ಮೊದಲನೇ ಪುಟದಾಗ ಒಂದು ಮಾತು ಬರದೀನಿ: ಮನುಷ್ಯಾರ ಮದ್ದೂ ಅದಾವು, ದನಕರದ್ದೂ ಅದಾವು, ನೋಡಿ ತಗೋರಿ ಅಂತ. ಅದನ್ನ ಓದಿಕೊಂಡ ಒಳಗ ಬರತಾರ."

"ಎಲ್ಲಾರೂ ಹೆಬ್ಬಾಗಲದಿಂದನ ಬರತಾರೇನು?"

"ಮತ್ತ ಎಲ್ಲಿಂದ ಬರತಾರ್ರಿ?"

"ಹುಡುಕಿದ್ರ ಸಿಗತಾವು ಅಂದ್ಯಲ್ಲ. ಹುಡುಕಿದವರು ಹೆಬ್ಬಾಗಲಕ್ಕ ಬಂದು ಬೀಳತಾರೋ, ಗರಿ ಮ್ಯಾಲ ಬಂದು ಬೀಳತಾರೋ?"

"ಗರಿ ಮ್ಯಾಲನ ಬೀಳತಾರ್ರಿ. ಆದ್ರ ಹಿಂದಕ್ಕ ಹೋಗೂ ಗುಂಡಿ ಇರತೈತಿ. ಅದನ್ನ ಒತ್ತಿದ್ರಾತು."

"ಹಿಂದಕ್ಕ ಅಂದ್ರ ಎಲ್ಲಿಗೆ?"

"ಬಂದಲ್ಲಿಗೆ."

"ಅಂವ ಎಲ್ಲಿಂದ ಬಂದ ಅಂತ ನಾ ಕೇಳಲಿಲ್ಲ ತಮ್ಮಾ. ಎಲ್ಲಿ ನಿಂತಾನ ಅಂತ ಕೇಳಿದೆ."

ಅಡಿವೆಪ್ಪನಿಗೆ ರೇಗಿತು. ಎಂಟು ತಿಂಗಳು ಬೆನ್ನು ಬಗ್ಗಿಸಿ ಮಾಡಿದ ಕೆಲಸಕ್ಕೆ ಒಂದು ಶಹಬ್ಬಾಸ್ ಇಲ್ಲ, ಮತ್ತೆ ಅದೇ ದಾರಿಯ ಪುರಾಣ! ಪುಟ ಅಂದರೆ ತೊಳೆದಿಟ್ಟ ತಾಟಿನ ಹಾಗೆ ಇರಬೇಕು ಅಂತ ಅವನ ಆಸೆ. ನೆತ್ತಿಯ ಮೇಲೆ ಐದಾರು ಶಬ್ದ ಅಂಟಿಸಿದರೆ ಅಂದಗೆಡುತ್ತದೆ.

"ಅಜ್ಜಾರ, ಇದು ನಮ್ಮ ಕೋಣಿ ಅಲ್ಲ. ಇದರ ರೀತಿನ ಬ್ಯಾರೆ."

ಅಜ್ಜಾರು ಕೈ ಅಡ್ಡ ಹಿಡಿಯಲಿಲ್ಲ. "ನಿನ್ನ ಕೆಲಸ, ನೀ ನೋಡು" ಅಂದರು.

ಸೈಟು ಜನರಿಗೆ ಸಿಕ್ಕಿತು. ಎಲ್ಲೆಲ್ಲಿಂದಲೋ ಫೋನು ಬರತೊಡಗಿದವು. ಕೆಮ್ಮು ಹೋಯಿತು ಅಂತ ಒಬ್ಬರು, ಮೊಣಕಾಲು ಹಗುರಾಯಿತು ಅಂತ ಇನ್ನೊಬ್ಬರು. ಅಡಿವೆಪ್ಪ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ ಅನ್ನಿ. ಅಜ್ಜಾರು ಹೊಸ್ತಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಗರಿ ತರುವವರೂ ಇಲ್ಲ, ದಾರಿ ಕೇಳುವುದೂ ಇಲ್ಲ.

ಶ್ರಾವಣದ ಒಂದು ಮಧ್ಯಾಹ್ನ, ಊಟ ಮುಗಿಸಿ ತಾಟು ತೊಳೆಯುತ್ತಿದ್ದಾಗ ಫೋನು ಬಂತು.

"ಹಾಲಯ್ಯಜ್ಜಾರ ಮಠ ಏನ್ರಿ?" ಹೆಣ್ಣುಮಗಳ ದನಿ, ಅವಸರದ ದನಿ. "ನಾನು ತಾಲೂಕಿನ ದವಾಖಾನಿ ಡಾಕ್ಟರ್. ಎಂಟು ವರ್ಷದ ಹುಡುಗಿ ಬಂದೈತಿ. ಹೊಟ್ಟಿ ಉಬ್ಬರಕ್ಕ ನಿಮ್ಮ ವೆಬ್‌ಸೈಟಿನ ಮದ್ದು ಕುಡಿಸ್ಯಾರ. ಮೈ ನಡಗಾಕ ಹತ್ತೈತಿ, ಕಣ್ಣು ಮ್ಯಾಲ ಮಾಡೇತಿ. ಪುಟ ನನ್ನ ಮುಂದ ಐತಿ. ಇದು ಎಷ್ಟು ವಯಸ್ಸಿನವರಿಗೆ ಹೇಳಿದ ಅಳತಿ? ಬೇರು ಹಸೀದೋ, ಶುದ್ಧಿ ಮಾಡಿದ್ದೋ? ಲಗೂನ ಹೇಳ್ರಿ."

ಅಡಿವೆಪ್ಪ ಒದ್ದೆ ಕೈಯಲ್ಲೇ ಹುಡುಕಿ ಆ ಪುಟ ತೆಗೆದ.

ಹೊಟ್ಟೆಯ ಉಬ್ಬರಕ್ಕೆ: ಇಂಥ ಬಳ್ಳಿಯ ಬೇರು ಹೆಬ್ಬೆರಳಿನಷ್ಟು ಅರೆದು, ಒಂದು ಬಟ್ಟಲು ನೀರಿನಲ್ಲಿ ಕದಡಿ ಕುಡಿಸುವುದು. ಅರ್ಧ ತಾಸಿನಲ್ಲಿ ಇಳಿಯುವುದು.

ಬಳ್ಳಿಯ ಹೆಸರು ಪುಟದಲ್ಲಿತ್ತು. ನಾನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಕೇಳಿದವರಲ್ಲೊಬ್ಬರು ನಾಳೆಯೇ ಕಿತ್ತು ತಂದಾರು. ಬೇಲಿ ಬೇಲಿಗೆ ಬೆಳೆಯುವ ಬಳ್ಳಿ ಅಂತ ತಿಳಿದುಕೊಂಡರೆ ಸಾಕು.

ಪುಟದಲ್ಲಿ ಅಷ್ಟೇ ಇತ್ತು. ಟೈಪ್ ಮಾಡಿದವನು ತಾನೇ. ಆದರೆ ಇದು ಯಾರ ಮದ್ದು? ದೊಡ್ಡವರದೋ, ಕೂಸುಗಳದೋ? ಯಾವ ಕಟ್ಟಿನದು? ಆರುನೂರ ಹನ್ನೊಂದರಲ್ಲಿ ಒಂದು. ಅವನಿಗೆ ನೆನಪಿರಲಿಲ್ಲ.

"ಒಂದ್ ನಿಮಿಷ ರೀ" ಅಂದು ಹಿಂದಕ್ಕೆ ಹೋಗುವ ಗುಂಡಿ ಒತ್ತಿದ. ಸರ್ಚಿನ ಪುಟ ಬಂತು. ಮತ್ತೆ ಒತ್ತಿದ. ಬೆಳಗ್ಗೆ ನೋಡಿದ ಹವಾಮಾನದ ಸುದ್ದಿ ಬಂತು.

ಮದ್ದಿನ ಕೋಣೆಗೆ ಓಡಿದ. ಮೂಲೆಯಲ್ಲಿ ಬುಟ್ಟಿ ಇತ್ತು. ಬುಟ್ಟಿಯ ತುಂಬ ಬಿಡಿಗರಿ. ಆ ಗರಿ ಕೈಗೆ ಸಿಕ್ಕರೂ ಅದರಲ್ಲಿ ಇರುವುದು ಪುಟದಲ್ಲಿದ್ದ ಮಾತೇ ಅಂತ ಆಗ ಹೊಳೆಯಿತು. ದಾರ ಬಿಚ್ಚಿದವನು ಬೇರೆ ಯಾರೂ ಅಲ್ಲವಲ್ಲ.

"ಹಲೋ? ಕೇಳಾಕ ಹತ್ತೈತೇನ್ರಿ?" ಫೋನು ಕೂಗುತ್ತಿತ್ತು.

ಅವನು ಹೊಸ್ತಿಲಿಗೆ ಬಂದು ಅಜ್ಜಾರ ಮುಂದೆ ಆ ಪುಟ ಮತ್ತೆ ತೆಗೆದು ಕೂತ.

"ಅಜ್ಜಾರ, ಒಂದು ಕೂಸು... ಇದು ಯಾವುದ್ರಿ, ಇದು ಯಾರಿಗೆ ಹೇಳಿದ್ದ್ರಿ..."

"ಮೊದಲನೇ ಸಾಲು ಓದು."

ಓದಿದ.

ಅಜ್ಜಾರು ಯೋಚನೆ ಮಾಡಲಿಲ್ಲ. ಅರವತ್ತು ವರ್ಷ ಕೇಳಿಸಿಕೊಂಡದ್ದು ತಾನಾಗಿ ಬಾಯಿಗೆ ಬಂತು.

"ಮದ್ದಿನ ಕೋಣಿ, ನಾಲ್ಕು ಕಾಲಿನವು, ಆಡು-ಕುರಿ, ಹೊಟ್ಟಿ, ಉಬ್ಬರ."

ಅಡಿವೆಪ್ಪ ಫೋನು ಮತ್ತೆ ಕಿವಿಗೆ ಹಿಡಿದ.

"ಹೇಳು ಅವರಿಗೆ" ಅಂದರು ಅಜ್ಜಾರು. "ಆಡಿನ ಅಳತಿ. ನಾಲ್ಕು ಕಾಲಿನವುಗಳ ಕಟ್ಟಿನ ಮೊದಲನೇ ಗರ್‍ಯಾಗ ನಮ್ಮ ಮುತ್ಯಾ ಬರದಾನ: ಈ ಕಟ್ಟಿನೊಳಗಿನ ಬೇರೆಲ್ಲಾ ಹಸೀದು, ಹಾಲಿನ್ಯಾಗ ನೆನಸಿ ಶುದ್ಧಿ ಮಾಡಿದ್ದಲ್ಲ, ಮನುಷ್ಯಾರಿಗೆ ಮುಟ್ಟಸಬಾರದು. ಹೇಳು, ತಡಾ ಮಾಡಬ್ಯಾಡ."

ಹೇಳಿದ.

"ಹಸೀದು. ಆಡಿನ ಅಳತಿ. ತಿಳೀತು." ಫೋನು ಕಟ್ಟಾಯಿತು.

ಆಮೇಲೆ ಫೋನು ಬರಲಿಲ್ಲ. ಇವನು ಮಾಡಿದರೆ ಅತ್ತಲಿಂದ ಯಾರೂ ಎತ್ತಲಿಲ್ಲ. ಅಡಿವೆಪ್ಪ ಅಂಗಳದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತಿರುಗಿದ, ಕೂತ, ಎದ್ದ. ದೇವರೇ, ಆ ಕೂಸನ್ನು ಉಳಿಸು, ನನ್ನನ್ನು ಬೇಕಾದರೆ ಒಯ್ಯಿ ಅಂತ ಬಾಯಿಬಿಟ್ಟೇ ಅಂದ. ಅಜ್ಜಾರು ಕೋಲು ಹುಡುಕಿಕೊಂಡರು.

"ನಡಿ, ಹೋಗೂಣು."

"ಹೊಳಿ ಏರೈತ್ರಿ ಅಜ್ಜಾರ."

"ಹರಗೋಲಿನಾಂವಗ ನಾ ಹೇಳತೀನಿ."

ಹೊಳೆ ಅಷ್ಟೇನೂ ತುಂಬಿರಲಿಲ್ಲ, ಹರಿಗೋಲು ಎರಡು ಸುತ್ತು ಜಾಸ್ತಿ ತಿರುಗಿತು ಅಷ್ಟೇ. ಆಚೆ ದಂಡೆಯಿಂದ ಬಸ್ಸು ಹಿಡಿದು ದವಾಖಾನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು.

ಹುಡುಗಿ ಮಲಗಿತ್ತು. ಕೈಗೆ ಸಲೈನು. ಮೈ ನಡುಕ ನಿಂತಿತ್ತು, ಉಸಿರು ಸಮನಾಗಿತ್ತು. ಕುಡಿದದ್ದರಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಕಾರಿಕೊಂಡಿತ್ತಂತೆ. ಆ ಬೇರಿನ ಕಹಿಗೆ ಎಷ್ಟು ಕೈ ಮುಗಿದರೂ ಸಾಲದು.

"ಜೀವಕ್ಕ ಅಂಜಿಕಿ ಇಲ್ಲ" ಅಂದರು ಡಾಕ್ಟರ್. "ನೀವು ಲಗೂ ಹೇಳಿದ್ದು ಚಲೋ ಆತು. ನಾಳೆ ನಾಡಿದ್ದು ಮನಿಗೆ ಕಳಸತೀವಿ."

ಅಡಿವೆಪ್ಪನಿಗೆ ಅಳು ಒತ್ತರಿಸಿ ಬಂತು. ಗೋಡೆಗೆ ಮುಖ ಮಾಡಿ ಅತ್ತ.

ಹಾಸಿಗೆಯ ಪಕ್ಕದಲ್ಲಿ ಹುಡುಗಿಯ ತಾಯಿ ದ್ಯಾಮವ್ವ ಕೂತಿದ್ದಳು. ಅಜ್ಜಾರನ್ನು ಕಂಡು ಎದ್ದಳು. ಕಾಲಿಗೆ ಬೀಳಬೇಕೋ ಬಯ್ಯಬೇಕೋ ತಿಳಿಯದೆ ನಿಂತಳು.

"ಅಜ್ಜಾರ, ಊರಾಗ ಡಾಕ್ಟರ್ ಇಲ್ರಿ. ಕೂಸು ಹೊಟ್ಟಿ ಹಿಡಕೊಂಡು ಒದ್ದಾಡಾಕ ಹತ್ತಿತ್ತು. ಫೋನಿನ್ಯಾಗ ಕೇಳಿದೆ, ನಿಮ್ಮ ಮಠದ ಹೆಸರು ಬಂತು. ನಿಮ್ಮ ಹೆಸರು ನೋಡಿ ಕುಡಿಸಿದ್ನಿರಿ."

ಅಜ್ಜಾರು ತಲೆ ಬಗ್ಗಿಸಿ ಕೇಳಿದರು.

"ನಮ್ಮನ್ಯಾಗೂ ಎರಡು ಆಡು ಅದಾವ್ರಿ. ಆಡಿನ ಮದ್ದು ಅಂತ ಎಲ್ಲೆರ ಒಂದು ಮೂಲ್ಯಾಗ ಇದ್ದಿದ್ರ, ನನ್ನ ಕೈಯಾರ ನನ್ನ ಮಗಳಿಗೆ ಹಾಕತಿದ್ದೆನೇನ್ರಿ?"

ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ಅಡಿವೆಪ್ಪನಿಗೆ. ನಾನೇ ಮಾಡಿದ್ದು ಅನ್ನಲು ಮುಂದೆ ಬಂದ. ಅಜ್ಜಾರ ಕೋಲು ಅವನ ಎದೆಗೆ ಅಡ್ಡ ಬಂತು.

"ತಪ್ಪು ಮಠದ್ದು, ತಂಗಿ. ಮಠ ಅಂದ್ರ ನಾನು" ಅಂದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಆಕೆಯ ಮುಂದೆ ಬಾಗಿದರು. ಎಂಬತ್ತು ದಾಟಿದ ಆ ಬೋಳುತಲೆ ಕಂಡು ದ್ಯಾಮವ್ವ "ಏ, ಬ್ಯಾಡ್ರಿ ಅಜ್ಜಾರ, ಬ್ಯಾಡ್ರಿ" ಅಂತ ಅವರ ಎರಡೂ ಕೈ ಹಿಡಿದುಕೊಂಡಳು.

ಮಠಕ್ಕೆ ಮರಳಿದ ಮೇಲೆ ಅಡಿವೆಪ್ಪ ಫೋನು ಹಿಡಿದು ಕೂತ.

"ಏನ್ ಮಾಡಾಕತ್ತೀ?"

"ಅಳಸಿಬಿಡತೀನ್ರಿ. ಆರುನೂರ ಹನ್ನೊಂದೂ. ಒಂದೂ ಉಳಿಯಬಾರದು."

"ಹೊಳಿ ಬಂದಾಗ ಆಚಿ ದಂಡ್ಯಾಗ ಕೂಸು ಎತ್ತಿ ತೋರಸತಾರಲ್ಲ, ಅವರಿಗೆ ಏನ್ ಹೇಳತಿ?"

ಅಡಿವೆಪ್ಪ ಫೋನು ಕೆಳಗಿಟ್ಟ.

"ಬಾವ್ಯಾಗ ಒಬ್ಬರು ಬಿದ್ರಂತ ಬಾವಿ ಮುಚ್ಚೂದಿಲ್ಲ ತಮ್ಮಾ, ಸುತ್ತ ಕಟ್ಟಿ ಕಟ್ಟತಾರ. ಸದ್ಯಕ್ಕ ಬಾಗಲಾ ಹಾಕು. ಎಲ್ಲಾ ಪುಟದ ನೆತ್ತಿ ಮ್ಯಾಲ ದಾರಿ ಬರಿ. ಆಮ್ಯಾಲ ತೆರಿ."

ಸೈಟಿನ ಬಾಗಿಲು ಹಾಕಿದ. ಮರುದಿನ ಬೆಳಗ್ಗೆ ಇಬ್ಬರೂ ಬುಟ್ಟಿಯ ಮುಂದೆ ಕೂತರು.

ಇವನು ಒಂದು ಗರಿ ಎತ್ತಿ ಮೊದಲ ಸಾಲು ಓದುವುದು. ಅಜ್ಜಾರು ದಾರಿ ಹೇಳುವುದು. ಇವನು ಅದನ್ನು ಪುಟದ ನೆತ್ತಿಗೆ ಬರೆದು, ಗರಿಯನ್ನು ಅದರ ದಾರಕ್ಕೆ ಪೋಣಿಸುವುದು. "ಮಠ, ಮದ್ದಿನ ಕೋಣೆ, ಮನುಷ್ಯರು, ಬಾಣಂತಿಯರು, ಎದೆಹಾಲು." ಒಂದು ಶಬ್ದಕ್ಕೂ ಮುಂದಿನ ಶಬ್ದಕ್ಕೂ ನಡುವೆ ಸಣ್ಣ ಬಾಣದ ಗುರುತು. ಮೂರು ವರ್ಷ ಕಾಟ ಅನ್ನಿಸಿದ್ದನ್ನು ಈಗ ಕಿವಿಗೊಟ್ಟು ಕೇಳುತ್ತಿದ್ದ. ಒಂದು ಶಬ್ದ ತಪ್ಪೀತೆಂದು ಎರಡೆರಡು ಸಲ ಕೇಳುತ್ತಿದ್ದ.

"ಅಜ್ಜಾರ, ಈ ಸಾಲಿನ್ಯಾಗಿನ ಯಾವ ಶಬ್ದಾ ಒತ್ತಿದ್ರೂ ಆ ಕಟ್ಟಿನ ಮೊದಲನೇ ಗರಿ ತೆರಿಯೂ ಹಂಗ ಮಾಡೀನ್ರಿ. ಮುತ್ಯಾರು ಬರದ ಎಚ್ಚರಿಕಿ ಅಲ್ಲೇ ಇರತೈತಿ."

"ಹಿಂದಕ್ಕ ಹೋದಂಗೇನು?"

"ಅಲ್ರಿ. ಮ್ಯಾಲಕ್ಕ ಹೋದಂಗ. ಅಂವ ಎಲ್ಲಿಂದರ ಬಂದಿರಲಿ."

ಅಜ್ಜಾರು ಬಹಳ ದಿನಗಳ ಮೇಲೆ ನಕ್ಕರು.

ಒಂಬತ್ತನೆಯ ದಿನ ಒಂದು ಗರಿಯ ಸಾಲು ಓದಿದಾಗ ಅಜ್ಜಾರು ಸುಮ್ಮನಾದರು.

ಇವನು ಮತ್ತೊಮ್ಮೆ ಓದಿದ.

"ಮದ್ದಿನ ಕೋಣಿ, ಮನುಷ್ಯಾರು..." ಅಂದರು. "ಅಲ್ಲ. ನಾಲ್ಕು ಕಾಲಿನವು..." ಮತ್ತೆ ನಿಂತರು. ಹಣೆ ಉಜ್ಜಿಕೊಂಡರು.

"ನೆನಪಾಗವಲ್ದು ತಮ್ಮಾ."

ಅಡಿವೆಪ್ಪ ಆ ಗರಿಯನ್ನೇ ನೋಡಿದ. ಆ ಮಧ್ಯಾಹ್ನ ಡಾಕ್ಟರ್ ಕೇಳಿದ್ದು ಈ ಗರಿಯ ಬಗ್ಗೆ ಆಗಿದ್ದರೆ? ಇಡೀ ಮಠದಲ್ಲಿ ದಾರಿ ಉಳಿದದ್ದು ಈ ಒಂದು ಮುದಿ ಬಾಯಿಯಲ್ಲಿ, ಅದನ್ನು ಹಾಗೆ ಮಾಡಿದವನು ತಾನು.

"ಇದನ್ನ ಏನ್ ಮಾಡೂದ್ರಿ?"

"ಬ್ಯಾರೆ ಇಡು. ದಾರಿ ಇಲ್ಲದ ಮದ್ದು ಯಾರಿಗೂ ಕೊಡೂದು ಬ್ಯಾಡ."

ಅಂಥವು ಮೂರು ಗರಿ ಉಳಿದವು. ಕೆಂಪು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ಎಂಥ ರೋಗಕ್ಕೆ ಎಂಥ ಒಳ್ಳೆಯ ಮದ್ದಿತ್ತೋ ಅವುಗಳಲ್ಲಿ, ಈಗ ಯಾರಿಗೂ ದಕ್ಕದು. ಅಡಿವೆಪ್ಪ ಆ ಗಂಟನ್ನು ದಿನಾ ಬೆಳಗ್ಗೆ ಒಮ್ಮೆ ಮುಟ್ಟಿ ಕೆಲಸಕ್ಕೆ ಕೂರುತ್ತಿದ್ದ.

ಹನ್ನೊಂದನೆಯ ದಿನ ಬುಟ್ಟಿ ಬರಿದಾಯಿತು. ಆ ಮೂರು ಪುಟ ತೆಗೆದುಹಾಕಿ ಸೈಟಿನ ಬಾಗಿಲು ತೆರೆದ.

ಹೊಳೆ ಇಳಿದ ಮೇಲೆ ಒಂದು ಬೆಳಗ್ಗೆ ಹರಿಗೋಲಿನಿಂದ ದ್ಯಾಮವ್ವ ಇಳಿದಳು. ಸಂಗಡ ಮಗಳು ಭೂಮಿಕಾ. ಮುಖ ಇನ್ನೂ ಬಿಳಚಿತ್ತು, ಬಾಯಿ ಮಾತ್ರ ಬಿಡುವಿಲ್ಲದೆ ನಡೆದಿತ್ತು. ಹೊಳೆಯ ಮೆಟ್ಟಿಲು ಎಷ್ಟು ಅಂತ ಎಣಿಸುತ್ತಲೇ ಮೇಲೆ ಬಂದಳು.

ಅಜ್ಜಾರು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ನೇವರಿಸಿದರು.

"ಓದಾಕ ಬರತೈತೇನವ್ವಾ?"

"ಬರತೈತ್ರಿ. ಸಾಲ್ಯಾಗ ಮೂರನೇತ್ತಾ ನಾನು."

"ಹಂಗಾರ ನಿಮ್ಮವ್ವ ಅವತ್ತ ಹುಡುಕಿದ್ಲಲ್ಲ, ಹಂಗ ಹುಡುಕು. ಏನ್ ಬರತೈತಿ ಓದು."

ದ್ಯಾಮವ್ವ ಫೋನು ಕೊಟ್ಟಳು. ಅಡಿವೆಪ್ಪ ಕಂಬದ ಮರೆಯಲ್ಲಿ ನಿಂತ.

ಭೂಮಿಕಾ ಹುಡುಕಿದಳು. ಅದೇ ಪುಟ ಬಂತು. ಮೇಲಿನಿಂದ ಓದತೊಡಗಿದಳು.

"ಮಠ, ಮದ್ದಿನ ಕೋಣೆ, ನಾಲ್ಕು ಕಾಲಿನವು, ಆಡು-ಕುರಿ..." ಅಲ್ಲಿಗೇ ನಿಂತಳು. ಕಣ್ಣರಳಿಸಿ ಅವ್ವನ ಕಡೆ ತಿರುಗಿದಳು. "ಯವ್ವಾ! ನನಗ ಆಡಿನ ಮದ್ದು ಹಾಕಿದ್ಯಾ?"

ದ್ಯಾಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ, ಎರಡೂ ಒಟ್ಟಿಗೆ ಬಂದಿತ್ತು.

"ಅಜ್ಜಾರ," ಅಂದಳು ಹುಡುಗಿ, "ಹಂಗಾರ ನನಗ ಕೋಡು ಬರತಾವೇನ್ರಿ?"

ಅಜ್ಜಾರು ಹೊಟ್ಟೆ ಹಿಡಿದು ನಕ್ಕರು. ಮೆಟ್ಟಿಲ ಕೆಳಗಿದ್ದ ಹರಿಗೋಲಿನವನಿಗೂ ಕೇಳಿ ಅವನೂ ನಕ್ಕ. ಹುಡುಗಿ "ನಾಲ್ಕು ಕಾಲಿನವು" ಅನ್ನುವುದನ್ನು ಒತ್ತಿದಳು. ಮುತ್ಯಾ ಬರೆದ ಗರಿ ತೆರೆಯಿತು. "ಮನುಷ್ಯರಿಗೆ ಮುಟ್ಟಿಸಬಾರದು" ಅಂತ ಜೋರಾಗಿ ಓದಿ, ಅವ್ವನಿಗೆ ಬೆರಳು ಆಡಿಸಿದಳು.

ಕಂಬದ ಮರೆಯಲ್ಲಿದ್ದವನು ಮಾತ್ರ ನಗಲಿಲ್ಲ. ಅವನು ಒಳಗೆ ಹೋಗಿ ಬಟ್ಟೆಯ ಚೀಲ ತೆಗೆದುಕೊಂಡು ಬಂದ. ಎರಡು ಪಂಚೆ, ಒಂದು ಹೊದಿಕೆ, ಅಷ್ಟೇ. ಕೆಲಸ ಮುಗಿದು ಆ ಹುಡುಗಿ ಗುಣವಾಗುವವರೆಗೆ ಅಂತ ಮನಸ್ಸಿನಲ್ಲಿ ಗಡುವು ಹಾಕಿಕೊಂಡಿದ್ದ. ಆ ಹುಡುಗಿ ಓಡಾಡುವುದನ್ನು ಕಣ್ಣಾರೆ ಕಂಡಾಯಿತು, ಇನ್ನು ಸಾಕು. ಆ ತಾಯಿಯ ಮುಖ ನೋಡಿ ಇಲ್ಲಿ ಇರಲಾರೆ, ಅಜ್ಜಾರ ಬಾಗಿದ ತಲೆಯನ್ನು ಮರೆಯಲಾರೆ.

ಹುಡುಗಿ ನೀರಿಗೆ ಕಲ್ಲು ಎಸೆಯಲು ಹೋಗಿದ್ದಳು, ದ್ಯಾಮವ್ವ ಅವಳ ಹಿಂದೆ ಹೋಗಿದ್ದಳು. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು. ಅಡಿವೆಪ್ಪ ಅವರ ಕಾಲು ಮುಟ್ಟಿ ಕೆಳಗಿನ ಮೆಟ್ಟಿಲಿಗೆ ಇಳಿದು ನಿಂತ.

"ಹೊಂಟೀನ್ರಿ ಅಜ್ಜಾರ."

"ಎಲ್ಲಿಗೆ?"

"ಬಂದಲ್ಲಿಗೆ. ಅಂಗಡಿಗೆ. ನಿಮ್ಮ ಮಠಕ್ಕ ನಾ ಲಾಯಕ್ಕಲ್ಲ."

ಅಜ್ಜಾರು ಬೇಡ ಅನ್ನಲಿಲ್ಲ. ಕೈ ಅಡ್ಡ ಹಿಡಿದರು.

"ದಾರಿ ಹೇಳು."

"ಯಾವ ದಾರೀರಿ?"

"ಈಗ ನೀ ನಿಂತೀಯಲ್ಲ, ಆ ಗರಿ ಯಾವುದು?"

"ತಪ್ಪು" ಅಂದ. "ಆ ಕೂಸಿಗೆ ಮಾಡಿದ ತಪ್ಪು."

"ಅದು ಯಾವ ಕಟ್ಟಿನ್ಯಾಗ ಐತಿ?"

"ನಿಮ್ಮ ಮಾತು ಕೇಳದ ಸೊಕ್ಕಿನ್ಯಾಗ."

"ಅದು ಯಾವುದರಾಗ?"

ಕೆಳಗೆ ಹುಡುಗಿ ಎಸೆದ ಕಲ್ಲು ನೀರಿಗೆ ಬಿತ್ತು.

"ಹೊಳಿ ದಾಟಲಾರದವರಿಗೂ ಮದ್ದು ಮುಟ್ಟಲಿ ಅನ್ನೂ ಆಸೇದಾಗ ರೀ."

"ಅದು?"

ಅಡಿವೆಪ್ಪ ತಲೆಯೆತ್ತಿದ. ಮೆಟ್ಟಿಲು, ಮೆಟ್ಟಿಲ ಮೇಲೆ ಮಠ, ಮದ್ದಿನ ಕೋಣೆಯ ಹೊಸ್ತಿಲು, ಅರವತ್ತು ವರ್ಷ ಅಲ್ಲಿ ಕೂತು ಸವೆಸಿದ ಮುದುಕ ಈಗ ಅವನೆದುರು. ಕಣ್ಣು ತುಂಬಿ ಎಲ್ಲ ಕಲಸಿ ಕಂಡಿತು.

"ಮಠದಾಗ" ಅಂದ. "ನಿಮ್ಮ ಹತ್ತರ."

"ಬರತೀರೇನ್ರಿ? ಬಿಸಲ ಏರತೈತಿ!" ಕೆಳಗಿನಿಂದ ಹರಿಗೋಲಿನವನು ಕೂಗಿದ.

ಅಜ್ಜಾರು ಅಡ್ಡ ಹಿಡಿದ ಕೈ ತೆಗೆದರು. ಕೂತಲ್ಲೇ ತುಸು ಸರಿದು ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು.

"ಹಿಂದಕ್ಕ ಹೋದ್ರ ಅಂಗಡಿ ಸಿಗತೈತಿ ತಮ್ಮಾ. ಒಂದ ಮೆಟ್ಟಲಾ ಮ್ಯಾಲ ಬಾ."